ಡಬ್ಬಿಯ ಮೇಲಿನ ಹೆಸರು

ಮೈಲೂರ, ಬೀದರ
೧೧ ನವೆಂಬರ್ ೨೦೨೪

ಅಕ್ಕಾ, ಜೈಭೀಮ್.

ಬಸ್ಸಿನಲ್ಲಿ ಮರಳಿ ಬಂದ ಖಾಲಿ ಊಟದ ಡಬ್ಬಿಯ ಮೇಲಿನ ಬಟ್ಟಲಲ್ಲಿ ಕಾಗದ ನೋಡಿ ಗಾಬರಿಯಾಗಬೇಡ. ಆಗಲೇಬೇಕೆಂದರೆ ಸ್ವಲ್ಪ ಆಗು, ಆದರೆ ಅವ್ವನ ಎದುರು ಬೇಡ. ಬಾಗಿಲು ಹಾಕಿಕೊಂಡು ಓದು.

ನನ್ನ ಫೋನ್ ಕಳುವಾಗಿದೆ. ನಿನ್ನೆ ನಮ್ಮ ಲ್ಯಾಬಿನವರು ಭಾಲ್ಕಿಯಲ್ಲಿ ರಕ್ತ ತಪಾಸಣೆಯ ಶಿಬಿರ ಇಟ್ಟಿದ್ದರು. ಮುಗಿಸಿಕೊಂಡು ಸಂಜೆ ಬೀದರ ಬಸ್ಸು ಹತ್ತುವಾಗ ಬಾಗಿಲಲ್ಲಿ ಯಾವ ಪರಿ ನೂಕಾಟವೆಂದರೆ, ನಾನು ಹತ್ತಲಿಲ್ಲ, ಜನರೇ ನನ್ನನ್ನು ಹತ್ತಿಸಿದರು. ಸೀಟು ಸಿಕ್ಕಿತೆಂದು ಖುಷಿಯಲ್ಲಿ ಕೂತೆ. ಟಿಕೆಟ್ ತೆಗೆಸಲು ಪರ್ಸಿಗೆ ಕೈ ಹಾಕಿದರೆ ಬೆರಳು ಆ ಕಡೆಯಿಂದ ಹೊರಗೆ ಬಂತು. ಬ್ಲೇಡಿನಿಂದ ಕೊಯ್ದಿದ್ದಾರೆ. ಆಧಾರ್ ಕಾರ್ಡು, ಕೀಲಿ ಎಲ್ಲಾ ಬಿಟ್ಟು ಫೋನೊಂದನ್ನೇ ಒಯ್ದಿದ್ದಾರೆ. ಪಕ್ಕದಲ್ಲಿದ್ದ ಅಜ್ಜಿ, "ನಸೀಬ ಛಲೋ ಅದ ಅನ್ಕೋ, ಕೈ ಕೊಯ್ದಿಲ್ಲ" ಅಂದಳು.

ಪೊಲೀಸರಿಗೆ ಬರೆದುಕೊಟ್ಟಿದ್ದೇನೆ, ಸಿಮ್ ಬಂದ್ ಮಾಡಿಸಿದ್ದೇನೆ. ಹೊಸ ಫೋನಿಗೆ ಮುಂದಿನ ತಿಂಗಳ ಪಗಾರ ಬರಬೇಕು. ಅಲ್ಲಿಯತನಕ ಅವ್ವನಿಗೆ, ಫೋನ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದಾಳೆ ಅಂತ ಹೇಳು. ತೀರ ಜರೂರಿದ್ದರೆ ನೀನು ಲ್ಯಾಬಿನ ನಂಬರಿಗೆ ಹಚ್ಚು. ಅದನ್ನು ಅವ್ವನಿಗೆ ಕೊಡಬೇಡ. ಊಟ ಆಯಿತೇ ಎಂದು ಮೂರು ಸಲ ಹಚ್ಚುತ್ತಾಳೆ, ನಮ್ಮ ಡಾಕ್ಟರು ನನ್ನ ರಕ್ತ ತೆಗೆಯುತ್ತಾರೆ.

ಕಳುವಿನ ಮಾತು ಅವಳಿಗೆ ಯಾಕೆ ಬೇಡ ಎಂದು ನಿನಗೆ ಗೊತ್ತು. ಮೆಹಕರದಲ್ಲಿ ಮಚ್ಛೇಂದ್ರ ಮಾಮಾ ನನ್ನನ್ನು ಬೀದರಿಗೆ ಕಳಿಸುವಾಗ ಎಲ್ಲರ ಮುಂದೆ ಹೇಳಿದ್ದು ನೆನಪಿದೆಯಲ್ಲ: "ಏನಾರ ಒಂದು ಆತಂದ್ರ ಮರುದಿನ ಮನಿಗಿ." ಅಪ್ಪ ಹೋದ ಮೇಲೆ ಅವ್ವ ತಮ್ಮನ ಮಾತು ಮೀರಿದ್ದನ್ನು ನಾನಂತೂ ನೋಡಿಲ್ಲ. ಅವತ್ತೂ ಪಕ್ಕದಲ್ಲಿ ಕೂತು ಗೋಣು ಹಾಕಿದಳು. ಮನೆಗೆ ಹೋದರೆ ಮದುವೆ, ಮದುವೆಯಾದರೆ ಈ ಬಿಳಿ ಕೋಟು ಟ್ರಂಕಿನೊಳಗೆ. ನನಗೆ ಈ ಕೆಲಸ ಬೇಕು ಅಕ್ಕಾ.

ನಿನ್ನ
ವಿಶಾಖಾ


ಔರಾದ
೧೩ ನವೆಂಬರ್ ೨೦೨೪

ವಿಶಾ,

ಮೊದಲು ಬೈಗುಳ. ಪರ್ಸನ್ನು ಎದೆಗವಚಿಕೊಂಡು ಹತ್ತಬೇಕೆಂದು ನಾನು ನಿನಗೆ ಹೇಳಿಲ್ಲವೇ? ಹೇಳಿದ್ದೇನೆ. ನೀನು ಕೇಳಿಲ್ಲ. ಎಂಟನೇ ಇಯತ್ತೆಯಲ್ಲಿ ನನ್ನ ಎದುರೇ ಬೆಂಚಿನ ಮೇಲೆ ಕೂತು ಕಿಟಕಿ ನೋಡುತ್ತಿದ್ದವಳು ಈಗೇನು ಕೇಳುತ್ತೀ. ಬೈಗುಳ ಮುಗಿಯಿತು. ಮೈಗೆ ಏನೂ ಆಗಿಲ್ಲವಲ್ಲ, ಅಷ್ಟು ಸಾಕು.

ಅವ್ವನಿಗೆ ರಿಪೇರಿಯ ಕಥೆ ಹೇಳಿದೆ. "ಅಷ್ಟು ದಿನ ಏನ್ ರಿಪೇರಿ, ವಿಮಾನ ಏನ್ ಅದು?" ಎಂದು ಕೇಳಿದಳು. ನಂಬಿದ್ದಾಳೆ ಅಂದುಕೊಂಡಿದ್ದೇನೆ.

ಇನ್ನು ಡಬ್ಬಿಯ ವಿಚಾರ. ಹೋದ ವಾರ ನಿನ್ನ ಝುಣಕ, ಜೋಳದ ರೊಟ್ಟಿಯನ್ನು ಯಾರೋ ಕಾಲೇಜು ಹುಡುಗರು ತಮ್ಮದೆಂದು ಒಯ್ದು ತಿಂದರಲ್ಲ, ಅವ್ವನಿಗೆ ಅದು ಇನ್ನೂ ಜೀರ್ಣವಾಗಿಲ್ಲ. ಬೀದರ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಊರೂರಿಂದ ಬಂದ ನಲವತ್ತು ಸ್ಟೀಲ್ ಡಬ್ಬಿ ಸಾಲಾಗಿ ಕೂತರೆ ಯಾರದು ಯಾರಿಗೆ ಗೊತ್ತಾಗಬೇಕು? ಶಾಲೆಯ ಗೋಡೆಗೆ ತಂದಿದ್ದ ಕೆಂಪು ಬಣ್ಣ ಉಳಿದಿತ್ತು. ನಾನೇ ಕುಳಿತು ದುಂಡಗೆ ಬರೆದಿದ್ದೇನೆ: ಕು. ವಿಶಾಖಾ, ರಕ್ತ ತಪಾಸಣೆ ಲ್ಯಾಬ್, ಮೈಲೂರ. ತಾಯಿ ಶೇವಂತಾಬಾಯಿ, ಔರಾದ. ತಪ್ಪಿ ಒಯ್ದವರು ಈ ನಂಬರಿಗೆ ತಿಳಿಸಿರಿ. ಕೆಳಗೆ ಅವ್ವನ ನಂಬರು. ನನ್ನದು ಹಾಕಿದರೆ ಪಾಠದ ನಡುವೆ ಎತ್ತಲಾಗುವುದಿಲ್ಲ.

ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಹೆಸರೂ ಬೀದರ ನೋಡ್ಲಿ" ಎಂದಳು.

ಮಹಾಮಾಯಾ


ಮೈಲೂರ, ಬೀದರ
೧೯ ನವೆಂಬರ್ ೨೦೨೪

ಅಕ್ಕಾ,

ನಿನ್ನ ಕೆಂಪಕ್ಷರ ಕಂಡು ಇಡೀ ಸ್ಟ್ಯಾಂಡು ನನ್ನನ್ನು ಚುನಾವಣೆಗೆ ನಿಂತವಳಂತೆ ನೋಡುತ್ತಿದೆ. ಕಟ್ಟೆಯ ಪಕ್ಕದಲ್ಲಿ ಹೂವು ಮಾರುವ ಗೌಹರ ಆಪಾ ಇದ್ದಾಳಲ್ಲ, ಓದಲು ಬಾರದು, ಆದರೂ "ಬೇಟಿ, ನಿನ್ನ ಲಾಲ್ ಡಬ್ಬಾ ಬಂತು ನೋಡು" ಎಂದು ದೂರದಿಂದಲೇ ಕೂಗುತ್ತಾಳೆ. ಫೋನ್ ಹೋದ ಕಥೆಯನ್ನು ಅವಳಿಗೆ ಹೇಳಿದೆ. ಸಿಟ್ಟಿಗೆ ದನಿ ಏರಿತ್ತು, ಅಲ್ಲಿದ್ದವರೆಲ್ಲ ಕೇಳಿ ತಲೆಗೊಂದು ಸಲಹೆ ಕೊಟ್ಟರು.

ಇಲ್ಲಿ ಎಲ್ಲ ಆರಾಮ. ಮನೆಯ ಮಾಲಕಿ ಗುಂಡಮ್ಮನವರು ರಾತ್ರಿ ಚಳಿಗೆಂದು ತಮ್ಮ ರಗ್ಗು ಕೊಟ್ಟಿದ್ದಾರೆ. ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಆರಾಮ ಇದ್ದೇನೆ.

ಒಂದು ಮಾತು ಕೇಳಬೇಕಿತ್ತು. ಡಬ್ಬಿ ತರುವ ಕಂಡಕ್ಟರ್ ಅನೀಲಕುಮಾರ ಎಂಥ ಮನುಷ್ಯ? ನನ್ನ ಹೆಸರೇನು, ನಾನೆಲ್ಲಿರುತ್ತೇನೆ, ಇದೆಲ್ಲ ಅವನಿಗೆ ನೀನು ಹೇಳಿದ್ದೀಯಾ? ಸುಮ್ಮನೆ ಕೇಳಿದೆ.

ವಿಶಾಖಾ


ಔರಾದ
೨೨ ನವೆಂಬರ್ ೨೦೨೪

ವಿಶಾ,

"ಸುಮ್ಮನೆ ಕೇಳಿದೆ" ಎಂಬ ವಾಕ್ಯವನ್ನು ನಾನು ಇಪ್ಪತ್ತು ವರ್ಷದಿಂದ ಹುಡುಗಿಯರ ಬಾಯಲ್ಲಿ ಕೇಳುತ್ತಿದ್ದೇನೆ. ಅದರ ಹಿಂದೆ ಸುಮ್ಮನೆ ಎಂಬುದು ಯಾವತ್ತೂ ಇರುವುದಿಲ್ಲ. ಅನೀಲಕುಮಾರನಿಗೆ ಮದುವೆಯಾಗಿದೆ, ಎರಡು ಮಕ್ಕಳಿವೆ, ಚಿಕ್ಕದು ನಮ್ಮ ಶಾಲೆಯಲ್ಲೇ ಓದುತ್ತಿದೆ. ತಲೆಯಲ್ಲಿ ಏನಾದರೂ ಇದ್ದರೆ ತೆಗೆದುಹಾಕು. ಬೇರೆ ಯಾರಾದರೂ ಇದ್ದರೆ ನೇರ ಬರೆ, ನಾನೇನು ಹುಲಿಯಲ್ಲ. ಒಂದೇ ಕಾಗದದಲ್ಲಿ ಎರಡು ಸಲ ಆರಾಮ ಎಂದು ಬರೆಯುವವರು ಆರಾಮ ಇರುವುದಿಲ್ಲ.

ಬರುವ ಗುರುವಾರ, ಶುಕ್ರವಾರ ನನಗೆ ಭಾಲ್ಕಿಯಲ್ಲಿ ತರಬೇತಿ. ಅಲ್ಲೇ ಉಳಿಯುತ್ತೇನೆ. ಮನೆಯಲ್ಲಿ ಅವ್ವ ಒಬ್ಬಳೇ. ಡಬ್ಬಿ ಕಟ್ಟಿ ತಾನೇ ಸ್ಟ್ಯಾಂಡಿಗೆ ಒಯ್ದು ಕೊಡುತ್ತಾಳಂತೆ. ಕೊರಳಿಗೆ ಬಂಗಾರದ ಬೋರಮಾಳ ಹಾಕಿಕೊಂಡು, ಒಳ್ಳೇ ಸೀರೆ ಉಟ್ಟು ಹೋಗುತ್ತಾಳೆ ನೋಡು, ಬಸ್ಸೇ ತನ್ನನ್ನು ನೋಡಲು ಬರುತ್ತದೆ ಎಂಬಂತೆ.

ಮಹಾಮಾಯಾ


ಮೈಲೂರ, ಬೀದರ
೨೬ ನವೆಂಬರ್ ೨೦೨೪

ಅಕ್ಕಾ,

ಹುಡುಗ ಗಿಡುಗ ಯಾರೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜೊತೆಗಾದರೂ ನಡೆಯುತ್ತಿದ್ದ.

ಹೋದ ವಾರ ಕಟ್ಟೆಯಿಂದ ಡಬ್ಬಿ ಎತ್ತಿಕೊಳ್ಳುವಾಗ ಹಿಂದಿನಿಂದ ಒಬ್ಬ, "ವಿಶಾಖಾ ಮೇಡಂ, ಫೋನ್ ಸಿಕ್ತೇನ್ರಿ?" ಎಂದ. ತಿರುಗಿ ನೋಡುವುದರೊಳಗೆ ಜನ. ಲ್ಯಾಬಿಗೆ ಬಂದ ಪೇಶಂಟ್ ಯಾರೋ ಇರಬೇಕೆಂದುಕೊಂಡರೂ ಅನುಮಾನ ಹೋಗಲಿಲ್ಲ, ಅದಕ್ಕೇ ಅನೀಲಕುಮಾರನ ಬಗ್ಗೆ ನಿನ್ನನ್ನು ಕೇಳಿದ್ದು. ಶನಿವಾರ ಮತ್ತೆ ಅದೇ ದನಿ. "ಔರಾದಿನ ಅಮ್ಮಾ ಆರಾಮ ಅದಾರಲ್ರಿ?" ಈ ಸಲ ನೋಡಿದೆ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ, ಯಾವುದೋ ಆಫೀಸಿನ ಸಭ್ಯ ಮನುಷ್ಯ. ನಕ್ಕ. ನಾನು ಡಬ್ಬಿ ಎದೆಗವಚಿಕೊಂಡು ಲ್ಯಾಬಿನ ಕಡೆ ನಡೆದೆ. ನಿನ್ನೆ ಲ್ಯಾಬಿನಿಂದ ರೂಮಿಗೆ ಬರುವಾಗ ಒಂದು ಬೈಕು ನನ್ನ ನಡಿಗೆಯ ವೇಗದಲ್ಲೇ ಹಿಂದೆ ಬಂತು. ಅವನೋ ಅಲ್ಲವೋ ಗೊತ್ತಿಲ್ಲ, ಹೆಲ್ಮೆಟ್ ಇತ್ತು. ನಾನು ಕಿರಾಣಿ ಅಂಗಡಿಗೆ ಹೊಕ್ಕು ಬೇಡದ ಸಾಬೂನು ಕೊಂಡೆ.

ನನ್ನ ಹೆಸರು, ಊರು, ಅವ್ವ, ಎಲ್ಲವನ್ನೂ ಬಲ್ಲವನು ಈ ಸ್ಟ್ಯಾಂಡಿನಲ್ಲಿ ಅನೀಲಕುಮಾರ ಒಬ್ಬನೇ. ಅವನೇ ಯಾರ ಮುಂದೋ ಹರಟಿದ್ದಾನೆ. ಇವತ್ತು ಬೆಳಿಗ್ಗೆ ಬಸ್ಸಿನ ಬಾಗಿಲಲ್ಲೇ ಹಿಡಿದು ಕೇಳಿದೆ. "ನಮ್ಮ ಮನಿ ಸುದ್ದಿ ಊರಿಗೆಲ್ಲ ಹಂಚ್ಲಿಕ್ಕಿ ನಿಮಗ ಡಬ್ಬಿ ಕೊಡ್ತಾರೇನ್ರಿ?" ಎಂದೆ. ಅವನ ಮುಖ ಸಣ್ಣದಾಯಿತು. "ನಾ ಏನ್ ಹೇಳೀನಿ ತಂಗಿ?" ಎಂದ. ಕಳ್ಳರೆಲ್ಲ ಹಾಗೇ ಅನ್ನುತ್ತಾರೆ ಅಂದುಬಿಟ್ಟೆ.

ಪರ್ಸಿನಲ್ಲಿ ರಕ್ತ ತೆಗೆಯುವ ಸೂಜಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಅವ್ವನಿಗೆ ಒಂದಕ್ಷರ ಹೇಳಬೇಡ. ನನಗೆ ಹೆದರಿಕೆಯಾಗಿದೆ. ಮನೆಗೆ ಬಾ ಎನ್ನುವ ಮಾತಿನ ಹೆದರಿಕೆ ಅದಕ್ಕಿಂತ ದೊಡ್ಡದು.

ವಿಶಾಖಾ


ಔರಾದ
೨ ಡಿಸೆಂಬರ್ ೨೦೨೪

ವಿಶಾ,

ಇದನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ. ಡಬ್ಬಿ ಬಂದ್. ಇವತ್ತು ಒಯ್ದು ಕೊಟ್ಟರೆ ಅನೀಲಕುಮಾರ ಕೈ ಕಟ್ಟಿಕೊಂಡು ನಿಂತ. "ಟೀಚರ್, ಇಷ್ಟು ವರ್ಷದಾಗ ಯಾರೂ ನನಗ ಕಳ್ಳ ಅಂದಿಲ್ರಿ" ಎಂದ. ನಾನು ಏನು ಹೇಳಲಿ? ನಿನ್ನ ಹೆದರಿಕೆ ಅರ್ಥವಾಗುತ್ತದೆ. ಆದರೆ ಹೆದರಿದವಳು ಕೈಗೆ ಸಿಕ್ಕವನ ಮೇಲೆ ಹಾಯುವುದು ನ್ಯಾಯವಲ್ಲ. ಆ ನೀಲಿ ಪಟ್ಟಿಯವನು ಇನ್ನೊಮ್ಮೆ ಮಾತಾಡಿಸಿದರೆ ಸೀದಾ ಪೊಲೀಸರ ಹತ್ತಿರ ಹೋಗು, ಇಲ್ಲವಾದರೆ ನಾನೇ ಮಾಮಾನಿಗೆ ಹೇಳುತ್ತೇನೆ. ನಿನ್ನ ಕೆಲಸಕ್ಕಿಂತ ನನಗೆ ನೀನು ಹೆಚ್ಚು.

ಮನೆಯ ಸುದ್ದಿ: ಶುಕ್ರವಾರ ಸಂಜೆ ಭಾಲ್ಕಿಯಿಂದ ಬಂದೆ. ಅವ್ವ ಒಲೆ ಹಚ್ಚಿರಲಿಲ್ಲ. ತಲೆನೋವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಫೋನ್ ಬಂದ್ ಮಾಡಿ ಹಾಸಿಗೆಯ ಕೆಳಗೆ ಇಟ್ಟಿದ್ದಳು. ಚಳಿ ಹತ್ತಿರಬೇಕು, ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಾಳೆ. "ವಿಶಾ ಬಿಳಿ ಕೋಟಿನಾಗ ಛಲೋ ಕಾಣ್ತಾಳ" ಎಂದಳು ಇದ್ದಕ್ಕಿದ್ದ ಹಾಗೆ. ಯಾವ ಫೋಟೋದಲ್ಲಿ ನೋಡಿದಳೋ.

ಇನ್ನೊಂದು ಅಚ್ಚರಿ. ಅವಳ ಮನಸ್ಸು ನೋಡೋಣವೆಂದು, ವಿಶಾಳನ್ನು ಊರಿಗೆ ಕರೆಸಿಬಿಡೋಣವೇ ಎಂದು ಕೇಳಿದೆ. ಸಿಡಿದೆದ್ದಳು. "ಯಾಕ? ಆಕಿ ಏನ್ ಮಾಡ್ಯಾಳ?" ಎಂದಳು. ವಯಸ್ಸಾದಂತೆ ಮೆತ್ತಗಾಗಿದ್ದಾಳೆ ಅನ್ನಿಸುತ್ತದೆ. ನಿನಗೆ ಒಳ್ಳೆಯದೇ ಆಯಿತು.

ಮಹಾಮಾಯಾ


ಮೈಲೂರ, ಬೀದರ
೧೧ ಡಿಸೆಂಬರ್ ೨೦೨೪

ಅಕ್ಕಾ,

ಫೋನ್ ಕೊಂಡೆ, ಹಳೇ ನಂಬರೇ ಸಿಕ್ಕಿತು. ನಿನ್ನೆ ಅವ್ವನ ಜೊತೆ ಮಾತಾಡಿದಾಗ ಅತ್ತಳು. ಇಷ್ಟು ದಿನ ದನಿ ಕೇಳಿಲ್ಲವೆಂದು ಇರಬೇಕು. ನೀನು ಪಕ್ಕದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅವ್ವ ಮಗ್ಗುಲಲ್ಲಿ ಕೂತು ಸ್ಪೀಕರ್ ಹಾಕಿಸುವುದರಿಂದ ನಮ್ಮ ಮಾತು ಕಾಗದದಲ್ಲೇ ನಡೆಯಲಿ.

ಆ ಮನುಷ್ಯ ನವೆಂಬರ್ ಕೊನೆಯಿಂದ ಕಾಣಿಸಿಲ್ಲ. ಅನೀಲಕುಮಾರನಿಗೆ ಬೈದದ್ದು ಫಲ ಕೊಟ್ಟಿದೆ, ನೀನು ಏನೇ ಅನ್ನು. ಡಬ್ಬಿ ಇಲ್ಲದೆ ಮೆಸ್ಸಿನ ಅನ್ನ ಉಣ್ಣುತ್ತಿದ್ದೇನೆ. ಅನ್ನಕ್ಕೂ ಸಾರಿಗೂ ಮಾತುಕತೆ ಇಲ್ಲ.

ವಿಶಾಖಾ


ಔರಾದ
೧೬ ಜನವರಿ ೨೦೨೫

ವಿಶಾ,

ಸಂಕ್ರಾಂತಿಗೆ ನೀನು ಬರಲಿಲ್ಲ, ರಜೆ ಇಲ್ಲವೆಂದು ನಂಬುತ್ತೇನೆ. ಅನೀಲಕುಮಾರನ ಮನೆಗೆ ಎಳ್ಳು ಬೆಲ್ಲ ಒಯ್ದು, ನಿನ್ನ ಪರವಾಗಿ ಕ್ಷಮೆ ಕೇಳಿ ಬಂದೆ. ಅವನ ಹೆಂಡತಿ ಚಹಾ ಕೊಟ್ಟಳು, ಅವನು ಮಾತು ಕೊಟ್ಟ. ತಿಂಗಳ ಕೊನೆಗೆ ಡಬ್ಬಿ ಮತ್ತೆ ಶುರು.

ಹೋದ ವಾರ ಮೆಹಕರದಲ್ಲಿ ಮಾಮಾನ ಮಗಳು ಸೌಂದರ್ಯಾಳ ನಿಶ್ಚಯ. ಅವ್ವ ಬರುವುದೇ ಇಲ್ಲವೆಂದು ಹಟ ಹಿಡಿದಳು. ತಮ್ಮನ ಮಗಳ ನಿಶ್ಚಯಕ್ಕೆ! ಕೊನೆಗೆ ಬಂದಳು, ಬರಿಗೊರಳು, ಅದರ ಮೇಲೆ ಸೆರಗು. ಬೋರಮಾಳ ಎಲ್ಲಿ ಎಂದು ಮಾಮಾ ಎಲ್ಲರ ನಡುವೆ ಕೇಳಿದ. "ದಾರ ಸಡ್ಲ ಆಗಿತ್ತು, ಭಾಲ್ಕಿ ಅಕ್ಕಸಾಲಿಗರ ಹತ್ರ ಪೋಣಿಸ್ಲಿಕ್ಕಿ ಕೊಟ್ಟೀನಿ" ಎಂದಳು. ನನಗೇ ಹೇಳದೆ ಯಾವಾಗ ಭಾಲ್ಕಿಗೆ ಹೋದಳೋ. ಅದು ನಿನ್ನ ಮದುವೆಗೆಂದು ಇಟ್ಟದ್ದು, ಗೊತ್ತಲ್ಲ. ಹೊಸದಾಗಿ ಪೋಣಿಸುತ್ತಿದ್ದಾಳೆಂದರೆ ಯಾವುದೋ ಗಂಡು ನೋಡಿದ್ದಾಳೆ. ತಯಾರಿರು.

ಮಹಾಮಾಯಾ


ಮೈಲೂರ, ಬೀದರ
೬ ಫೆಬ್ರವರಿ ೨೦೨೫

ಅಕ್ಕಾ,

ಕೂತು ಓದು.

ಇವತ್ತು ಡಬ್ಬಿ ತರಲು ಹೋದಾಗ ಗೌಹರ ಆಪಾ, "ಅಮ್ಮಾ ಈಗ ಹ್ಯಾಂಗ ಅದಾರ ಬೇಟಿ?" ಎಂದಳು. ಯಾವ ಅಮ್ಮ ಎಂದೆ. "ನಿನ್ನ ಅಮ್ಮಾ. ಥಂಡಿ ಶುರು ಆದಾಗ ಬಂದಿದ್ರಲ್ಲ. ಇಲ್ಲೇ ಕಟ್ಟಿ ಮ್ಯಾಲ ಕುಂತು ಅಳ್ಲತ್ತಿದ್ರು. ನಾ ನೀರು ಕೊಟ್ಟೆ. ಲಾಲ್ ಡಬ್ಬಾದ ವಿಶಾಖಾ ನನ್ನ ಮಗಳು ಅಂದ್ರು. ಮಗಳಿಗಿ ಹೇಳಬ್ಯಾಡ ಅಂತ ಕಸಮ್ ಹಾಕ್ಸಿದ್ರು. ಆಮ್ಯಾಲ ಮತ್ತ ಬರಲೇ ಇಲ್ಲ, ಅದಕ್ಕ ಕೇಳ್ದೆ."

ಯಾಕೆ ಅಳುತ್ತಿದ್ದರೆಂದು ಕೇಳಿದೆ. ಆಪಾ ತನ್ನ ಕೊರಳು ಮುಟ್ಟಿ ತೋರಿಸಿದಳು.

ಅಕ್ಕಾ, ಅವ್ವ ಬೀದರಿಗೆ ಬಂದಿದ್ದಾಳೆ. ನೀನು ಭಾಲ್ಕಿಯಲ್ಲಿದ್ದ ಆ ಎರಡು ದಿನದಲ್ಲೇ ಇರಬೇಕು. ಯಾರೋ ಕರೆಸಿದ್ದಾರೆ. ಹೇಗೆ ಕರೆಸಿದರು ಎಂದು ಯೋಚಿಸುತ್ತ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೆಂಪಕ್ಷರ ನನ್ನ ಕಣ್ಣೆದುರೇ ಇತ್ತು. ನನ್ನ ಹೆಸರು, ಲ್ಯಾಬು, ಅವ್ವನ ಹೆಸರು, ಅವ್ವನ ನಂಬರು. ನನ್ನ ಫೋನ್ ಬಂದ್ ಇದೆಯೆಂದು ನಾನೇ ಈ ಕಟ್ಟೆಯ ಮುಂದೆ ನಿಂತು ಕೂಗಿ ಹೇಳಿದ್ದೆ. ಫೋನ್ ಸಿಕ್ತೇನ್ರಿ ಎಂದು ಆ ನೀಲಿ ಪಟ್ಟಿಯವನು ಕೇಳಿದ್ದು ಅದಕ್ಕೇ. ಅನೀಲಕುಮಾರ ಯಾರಿಗೂ ಏನೂ ಹೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಭಾಲ್ಕಿಯ ಅಕ್ಕಸಾಲಿಗರನ್ನು ವಿಚಾರಿಸು. ಅವ್ವನನ್ನು ಈಗಲೇ ಕೇಳಬೇಡ.

ವಿಶಾಖಾ


ಔರಾದ
೯ ಫೆಬ್ರವರಿ ೨೦೨೫

ವಿಶಾ,

ವಿಚಾರಿಸಿದೆ. ಬೋರಮಾಳ ಅಲ್ಲಿಗೆ ಬಂದೇ ಇಲ್ಲ.

ಇಲ್ಲಿ ಆಗಲೇ ಬಿಸಿಲು ಸುಡುತ್ತಿದೆ. ಅವ್ವ ಇನ್ನೂ ಕೊರಳು ಸುತ್ತಿಕೊಂಡೇ ಒಲೆಯ ಮುಂದೆ ಕೂರುತ್ತಾಳೆ. ಇಷ್ಟು ದಿನ ಅದನ್ನು ಚಳಿ ಎಂದು ತಿಳಿದವಳು ನಾನು, ಮಕ್ಕಳಿಗೆ ಬುದ್ಧಿ ಹೇಳುವ ಟೀಚರು. ಸೀಮೆಎಣ್ಣೆ ಹಚ್ಚಿ ಡಬ್ಬಿ ತಿಕ್ಕಿದೆ. ನನ್ನ ದುಂಡಗಿನ ಅಕ್ಷರ ಹೋಗಲು ಬಹಳ ಹೊತ್ತು ಹಿಡಿಯಿತು. ತಿಕ್ಕುವಾಗ ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಯಾಕೆ ಎಂದು ಕೇಳಲಿಲ್ಲ.

ಸಿಟ್ಟು ಎಷ್ಟಿದೆಯೆಂದರೆ ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಏನು ಮಾಡೋಣ?

ಮಹಾಮಾಯಾ


ಮೈಲೂರ, ಬೀದರ
೧೩ ಫೆಬ್ರವರಿ ೨೦೨೫

ಅಕ್ಕಾ,

ಸಿಕ್ಕಿದ್ದಾನೆ.

ಬೆಳಿಗ್ಗೆ ನಮ್ಮ ಬಸ್ಸು ಆಗಷ್ಟೇ ಬಂದಿತ್ತು. ಗೌಹರ ಆಪಾಳ ಹೂವಿನ ಬುಟ್ಟಿಯ ಹಿಂದೆ ನಿಂತಿದ್ದೆ. ನೀಲಿ ಪಟ್ಟಿಯವನು ಬಂದ. ತನ್ನ ಡಬ್ಬಿ ಹುಡುಕುವವನ ಹಾಗೆ ಒಂದೊಂದನ್ನೇ ತಿರುಗಿಸಿ ನೋಡುತ್ತ ಹೋದ. ಒಂದರ ಮುಂದೆ ನಿಂತು ಮೊಬೈಲಿನಲ್ಲಿ ನಂಬರು ಒತ್ತಿದ. ಅದು ಜನವಾಡದಿಂದ ಇರಮ ಎಂಬ ನರ್ಸಿಂಗ್ ಹುಡುಗಿಗೆ ಬರುವ ಡಬ್ಬಿ, ನಾನು ಬಲ್ಲೆ. ನನ್ನದನ್ನು ನೋಡಿ ಅವಳ ಮನೆಯವರೂ ಹೆಸರು, ನಂಬರು ಬರೆಸಿದ್ದಾರೆ. ಫೋನ್ ಕಿವಿಗಿಟ್ಟು ಬಹಳ ಮೆತ್ತಗಿನ ದನಿಯಲ್ಲಿ, "ಇರಮ ಅವರ ಮನಿಯೇನ್ರಿ? ಗಾಬರಿ ಆಗಬ್ಯಾಡ್ರಿ ಅಮ್ಮಾ..." ಎಂದ.

ಅದೇ ದನಿ. ನಮ್ಮ ಅವ್ವನಿಗೂ ಹೀಗೇ ಹೇಳಿದ್ದಾನೆ ಎಂದು ತಿಳಿದದ್ದೇ ನನಗೆ ಮುಂದಿನದು ನೆಟ್ಟಗೆ ನೆನಪಿಲ್ಲ. ಸೂಜಿ ಪರ್ಸಿನೊಳಗೆ ಎಲ್ಲಿ ಹೋಯಿತೋ. ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದು ಫೋನಿನೊಳಗೆ ಚೀರಿದೆ: "ಅಮ್ಮಾ, ನಿಮ್ಮ ಮಗಳಿಗಿ ಏನೂ ಆಗಿಲ್ರಿ! ಮನಿ ಬಿಟ್ಟು ಬರಬ್ಯಾಡ್ರಿ!" ಅವನು ನನ್ನನ್ನು ಕಟ್ಟೆಗೆ ನೂಕಿ ಓಡಿದ. ಬಸ್ಸಿನ ಬಾಗಿಲಿಂದ ಹಾರಿ ಅವನ ಕೊರಳಪಟ್ಟಿ ಹಿಡಿದವನು ಯಾರು ಗೊತ್ತೇ? ಅನೀಲಕುಮಾರ. ನಾನು ಅತ್ತುಬಿಟ್ಟೆ. "ಈಗ ಅಳಬ್ಯಾಡ ತಂಗಿ, ಮೊದ್ಲ ಪೊಲೀಸರಿಗಿ ಫೋನ್ ಹಚ್ಚು" ಎಂದ. ನನ್ನ ಮೊಣಕೈ ತರಚಿದೆ, ಅಷ್ಟೇ.

ಈಗ ಕಷ್ಟದ ಮಾತು. ಠಾಣೆಯಲ್ಲಿ ಹೇಳಿದರು: ಇರಮಳ ಮನೆಯವರು ಏನೂ ಕಳಕೊಂಡಿಲ್ಲ, ನೀವೂ ಇವನಿಂದ ಏನೂ ಕಳಕೊಂಡಿಲ್ಲ. ಬೋರಮಾಳ ಕಳಕೊಂಡವರೇ ಬಂದು, ಗುರುತು ಹಿಡಿದು ಹೇಳಿಕೆ ಕೊಡಬೇಕು. ಇಲ್ಲದಿದ್ದರೆ ಇವನು ನಾಳೆಯೋ ನಾಡಿದ್ದೋ ಹೊರಗೆ. ಅವ್ವ ಬಂದರೆ ಸುದ್ದಿ ಮೆಹಕರಕ್ಕೆ ಮುಟ್ಟುತ್ತದೆ. ಮಾಮಾ ಬರುತ್ತಾನೆ, ನನ್ನ ಗಂಟು ಕಟ್ಟಿಸುತ್ತಾನೆ. ನಾನು ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಇವನು ಇನ್ನೊಬ್ಬಳ ತಾಯಿಗೆ ಫೋನ್ ಮಾಡುತ್ತಾನೆ.

ಬಹಳ ಯೋಚಿಸಿದೆ. ಅವ್ವನನ್ನು ಕಳಿಸು.

ವಿಶಾಖಾ


ಔರಾದ
೧೪ ಫೆಬ್ರವರಿ ೨೦೨೫

ವಿಶಾ,

ಚೀಟಿಯಲ್ಲೇ ಬರೆಯುತ್ತಿದ್ದೇನೆ, ಅನೀಲಕುಮಾರನ ಕೈಯಲ್ಲಿ ಕೊಡುತ್ತೇನೆ. ನಾಳೆ ಬೆಳಿಗ್ಗೆ ಅವ್ವ ಇದೇ ಬಸ್ಸಿಗೆ ಬರುತ್ತಾಳೆ. ನನಗೆ ಮಕ್ಕಳ ಪರೀಕ್ಷೆ, ಬಿಡುವ ಹಾಗಿಲ್ಲ. ವಿಶಾ ಕರೆದಿದ್ದಾಳೆ ಎಂದಷ್ಟೇ ಹೇಳಿದೆ. ಅವ್ವ ನನ್ನ ಮುಖ ನೋಡಿದಳು. ಸೆರಗನ್ನು ಕೊರಳಿಂದ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು.

ಮಾಮಾನಿಗೆ ಗೊತ್ತಾಗಿದೆ. ಸ್ಟ್ಯಾಂಡಿನ ಗದ್ದಲದ ವಿಡಿಯೋ ಯಾರೋ ಕಳಿಸಿದ್ದಾರಂತೆ. ಮೆಹಕರದಿಂದ ಸೀದಾ ಠಾಣೆಗೇ ಬರುತ್ತಾನೆ. ದನಿ ಕೇಳಿದರೆ ಒಳ್ಳೆಯ ಲಕ್ಷಣವಲ್ಲ. ಗಟ್ಟಿಯಾಗಿರು.

ಅಕ್ಕ


ಮೈಲೂರ, ಬೀದರ
೧೬ ಫೆಬ್ರವರಿ ೨೦೨೫

ಅಕ್ಕಾ,

ಇದನ್ನು ಡಬ್ಬಿಯಲ್ಲಿ ಇಡುತ್ತಿಲ್ಲ, ಅವ್ವನ ಕೈಯಲ್ಲೇ ಕೊಡುತ್ತಿದ್ದೇನೆ. ಬಾಗಿಲು ಹಾಕಿಕೊಳ್ಳಬೇಡ. ಅವಳ ಮುಂದೆ ದೊಡ್ಡದಾಗಿ ಓದು.

ಅವ್ವ ನಿನ್ನೆ ಬಸ್ಸಿಳಿದವಳೇ ಮೊದಲು ಗೌಹರ ಆಪಾಳ ಹತ್ತಿರ ಹೋಗಿ, "ಕಸಮ್ ಮುರದಿ ಹೌದಿಲ್ಲೋ?" ಎಂದಳು. ಆಪಾ ಒಂದು ಮಾರು ಮಲ್ಲಿಗೆ ಕೊಟ್ಟಳು. ಠಾಣೆಯಲ್ಲಿ ಮಾಮಾ ಆಗಲೇ ಬಂದು ಕೂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ.

ಅವ್ವ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದಳು. ನೀನು ಭಾಲ್ಕಿಗೆ ಹೋದ ಗುರುವಾರ ಫೋನ್ ಬಂತು. ನಿಮ್ಮ ಮಗಳು ಬಸ್ಸಿನಿಂದ ಬಿದ್ದಿದ್ದಾಳೆ, ನಾನು ಲ್ಯಾಬಿನವನು, ಕೂಡಲೇ ಬನ್ನಿ ಎಂದ. ನನ್ನ ನಂಬರಿಗೆ ಹಚ್ಚಿದಳು, ಬಂದ್. ನಿನಗೆ ಹಚ್ಚಿದಳು, ತರಬೇತಿಯಲ್ಲಿ ನೀನು ಎತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿ ಬಂದಳು. ಅವನು ಸ್ಟ್ಯಾಂಡಿನಲ್ಲೇ ಕಾದಿದ್ದ. ಆಟೋದಲ್ಲಿ ಯಾವುದೋ ದವಾಖಾನೆಗೆ ಕರೆದೊಯ್ದ. ಮಗಳು ಎಕ್ಸರೇ ಕೋಣೆಯಲ್ಲಿದ್ದಾಳೆ, ಅಲ್ಲಿ ಬಂಗಾರ ಹಾಕಿಕೊಂಡು ಒಳಗೆ ಬಿಡುವುದಿಲ್ಲ ಎಂದ. ಅವ್ವ ತಾನೇ ಬಿಚ್ಚಿ ಕೊಟ್ಟಳು. ಅವಳ ಕಣ್ಣೆದುರೇ ಕರವಸ್ತ್ರದಲ್ಲಿ ಕಟ್ಟಿ ಅವಳ ಚೀಲದಲ್ಲಿ ಇಟ್ಟ. ಡಾಕ್ಟರನ್ನು ಕರೆತರುತ್ತೇನೆಂದು ಹೋದ. ಬಹಳ ಹೊತ್ತಿನ ಮೇಲೆ ಬಿಚ್ಚಿದರೆ ಒಳಗೆ ಹರಳುಕಲ್ಲು.

ಒಳಗಿಂದ ಅವನನ್ನು ಕರೆತಂದರು. ಅವ್ವ ಎದ್ದು ನಿಂತು ಬೆರಳು ಮಾಡಿದಳು. "ಇಂವಾ. ನನಗ ಅಮ್ಮಾ ಅಂತ ಕರದಿದ್ದ" ಎಂದಳು. ಬೋರಮಾಳ ಆಗಲೇ ಕರಗಿಹೋಗಿದೆಯಂತೆ. ಸಿಗುವುದಿಲ್ಲ.

ಆಗ ಇನ್ಸ್‌ಪೆಕ್ಟರ್, "ಮೂರು ತಿಂಗಳಾತು. ಮನಿಯಾಗ ಯಾಕ ಹೇಳಿಲ್ಲಮ್ಮಾ?" ಎಂದು ಕೇಳಿದರು. ನಾಚಿಕೆಯಿಂದ ಎಂದು ಹೇಳುತ್ತಾಳೆ ಅಂದುಕೊಂಡೆ. ಅವ್ವ ಮಾಮಾನ ಕಡೆ ನೋಡಿ ಹೇಳಿದಳು: "ಹೇಳಿದ್ರ ನನ್ನ ಮಗಳಿಗಿ ಮನಿಗಿ ಕರೀತಿದ್ರಿ."

ಅಕ್ಕಾ, ನಾವಿಬ್ಬರೂ ಅವಳಿಂದ ಮುಚ್ಚಿಟ್ಟೆವು. ಅವಳು ನನಗಾಗಿ ಎಲ್ಲರಿಂದ ಮುಚ್ಚಿಟ್ಟಳು. ನಾನು ಹೆದರಿದ್ದು ಅವಳಿಗೇ.

ಮಾಮಾ ಎದ್ದ. "ಆತಲ್ಲ, ನಾ ಏನ್ ಹೇಳಿದ್ದೆ? ನಾಳಿ ಸಾಮಾನು ಕಟ್ಟು ವಿಶಾ" ಎಂದ. ಅವ್ವ ನನ್ನ ಮುಂದೆ ಬಂದು ನಿಂತಳು.

"ಬಂಗಾರ ಕಳಕೊಂಡಾಕಿ ನಾನು. ಕಳ್ಳನ ಮಾತು ನಂಬಿದಾಕಿ ನಾನು. ಕಟ್ಟಿ ಹಾಕೂದಿದ್ರ ನನಗ ಮನ್ಯಾಗ ಕಟ್ಟಿ ಹಾಕು. ಕಳ್ಳಗ ಹಿಡದಾಕಿ ಯಾಕ ಮನಿಗಿ ಬರ್ತಾಳೋ ಮಚ್ಛೇಂದ್ರಾ?"

ಇನ್ಸ್‌ಪೆಕ್ಟರ್ ಕಾಗದದ ಮೇಲೆ ಮುಖ ಬಾಗಿಸಿದರು. ಮಾಮಾ ಹೊರಗೆ 
ಹೋಗಿ ಮೂರು ಚಹಾ ಹೇಳಿ ಬಂದ. ಒಪ್ಪಿದನೋ ಇಲ್ಲವೋ ಬಾಯಿಬಿಟ್ಟು ಹೇಳಲಿಲ್ಲ. ಸಾಮಾನಿನ ಮಾತು ಮತ್ತೆ ಎತ್ತಲಿಲ್ಲ.

ಸಂಜೆ ರೂಮಿನಲ್ಲಿ ಅವಳ ಕಾಲು ಒತ್ತುತ್ತ ಕೇಳಿದೆ, ಅವತ್ತು ನಾನು ಆರಾಮ ಇದ್ದೇನೆಂದು ನಿನಗೆ ಹೇಗೆ ತಿಳಿಯಿತು ಎಂದು. ಹೇಳಿದಳು: ಕರವಸ್ತ್ರ ಬಿಚ್ಚಿದ ಮೇಲೆ ಕೇಳಿಕೊಂಡು ಕೇಳಿಕೊಂಡು ಮೈಲೂರಿಗೆ ಬಂದಳಂತೆ. ಲ್ಯಾಬಿನ ಎದುರು ಝೆರಾಕ್ಸ್ ಅಂಗಡಿಯ ನೆರಳಲ್ಲಿ ನಿಂತಳಂತೆ. "ಗಾಜಿನಾಗ ಕಾಣ್ತಿದ್ದಿ. ಒಂದು ಕೂಸಿನ ಕೈ ಹಿಡದಿದ್ದಿ. ಕೂಸು ಚೀರ್ತಿತ್ತು, ನೀ ನಕ್ಕೋತ ಏನೋ ಹೇಳ್ತಿದ್ದಿ. ಅದು ಸುಮ್ಮನಾತು." ಒಳಗೆ ಯಾಕೆ ಬರಲಿಲ್ಲ ಎಂದೆ. "ಬಂದಿದ್ರ ನನ್ನ ಕೊರಳು ನೋಡ್ತಿದ್ದಿ" ಎಂದಳು. ಸ್ಟ್ಯಾಂಡಿಗೆ ಮರಳಿ ಬಂದು ಕಟ್ಟೆಯ ಮೇಲೆ ಕೂತು ಅತ್ತು, ಸಂಜೆಯ ಬಸ್ಸು ಹಿಡಿದಳಂತೆ.

ಡಬ್ಬಿಯ ಮೇಲೆ ಇನ್ನು ಹೆಸರು ಬೇಡ. ಅವ್ವ ತನ್ನ ಹಳೇ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿ ಕಳಿಸುತ್ತಾಳಂತೆ. ಆ ಸೀರೆ ನನಗೆ ಎಲ್ಲಿದ್ದರೂ ಗುರುತು ಸಿಗುತ್ತದೆ. ಕಟ್ಟೆಯಲ್ಲಿ ಬೇರೆ ಡಬ್ಬಿಗಳ ಹೆಸರುಗಳೂ ಒಂದೊಂದಾಗಿ ಅಳಿಯುತ್ತಿವೆ, ಅನೀಲಕುಮಾರ ಎಲ್ಲರಿಗೂ ಹೇಳುತ್ತಿದ್ದಾನೆ.

ಈ ಕಾಗದವನ್ನು ಈಗ ಅವ್ವನಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿದಳು. ಮಾಮಾನಿಗೆ ಹೇಳಿದ ಮಾತು ಬಂದಾಗ ನಕ್ಕಳು. ಕೊನೆಗೆ, "ಒಂದು ಬಿಟ್ಟಿ. ಭಾಳ ಧೈರ್ಯದಾಕಿ ಮಾಡಿ ಬರದಿ ನನಗ. ಅಂಜಿದ್ದೆ ಅಂತ ಬರಿ. ಆ ನೆರಳಾಗ ನಿಂತಾಗ ಕಾಲು ನಡಗ್ತಿದ್ದವು, ಬರಿ" ಎಂದಳು.

ಬರೆದಿದ್ದೇನೆ. ಅವ್ವ ಅಂಜಿದ್ದಳು. ನಾನೂ ಅಂಜಿದ್ದೆ.

ವಿಶಾಖಾ